ಶಿಪ್ಪಿಂಗ್ ಬಿಲ್ಲಿನ ಒಂದು ಖಾನೆ: ಪಣಂಬೂರು ಬಂದರಿನವರಿಗೂ ಜಲಸಾರಿಗೆ ಮಂಡಳಿಗೂ ಬಹಿರಂಗ ಪತ್ರ

ನವ ಮಂಗಳೂರು ಬಂದರು ಪ್ರಾಧಿಕಾರದ ಮಂಡಳಿಗೂ ಕರ್ನಾಟಕ ಜಲಸಾರಿಗೆ ಮಂಡಳಿಗೂ

ಮಾನ್ಯರೇ,

ಮಂಗಳೂರಿನ ಹಳೇ ಬಂದರಿನ ಹತ್ತಿರ ಕ್ಲಿಯರಿಂಗ್ ಏಜೆಂಟರೊಬ್ಬರ ಆಫೀಸಿನಲ್ಲಿ ಮೂವತ್ತಮೂರು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ಗೇರುಬೀಜ, ಕಾಫಿ, ಗ್ರಾನೈಟ್, ಫ್ರೋಜನ್ ಮೀನು, ಹೀಗೆ ಈ ಊರಿನಿಂದ ಹಡಗು ಹತ್ತುವ ಬಹುತೇಕ ಎಲ್ಲದಕ್ಕೂ ಶಿಪ್ಪಿಂಗ್ ಬಿಲ್, ಅಂದರೆ ರಫ್ತಿಗೆ ಮೊದಲು ಸುಂಕದವರಿಗೆ ಕೊಡುವ ಪತ್ರ, ಮಾಡಿದ್ದೇನೆ. ಮೊದಲು ಕಾರ್ಬನ್ ಹಾಳೆ ಇಟ್ಟು ಟೈಪ್ ಹೊಡೆಯುತ್ತಿದ್ದೆ, ಆಮೇಲೆ ಕಂಪ್ಯೂಟರ್ ಬಂತು. 2020ರ ಫೆಬ್ರವರಿ 15ರಿಂದ ಆ ಬಿಲ್ಲಿಗೆ ಹೊಸದೊಂದು ಖಾನೆ ಸೇರಿತು: ಸರಕು ಹುಟ್ಟಿದ್ದು ಯಾವ ರಾಜ್ಯದಲ್ಲಿ, ಯಾವ ಜಿಲ್ಲೆಯಲ್ಲಿ ಎಂದು ಬರೆಯಲೇಬೇಕು. ಆಗ ನಾವೆಲ್ಲ ಗೊಣಗಿದೆವು. ಇರುವ ಕೆಲಸವೇ ಮುಗಿಯುವುದಿಲ್ಲ, ಇನ್ನು ಇದೊಂದು ಬೇರೆ ಎಂದು. ಈಗ ಮನೆಯಲ್ಲಿ ಕೂತು ಪತ್ರಿಕೆಯಲ್ಲಿ ಹೊಸ ಹೊಸ ಬಂದರುಗಳ ಸುದ್ದಿ ಓದುವಾಗ ಮತ್ತೆ ಮತ್ತೆ ಆ ಖಾನೆಯೇ ನೆನಪಾಗುತ್ತದೆ. ಆ ಖಾನೆಯ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ ಎಂದು ಕೇಳಲು ಈ ಪತ್ರ.

ನಮ್ಮ ಪಣಂಬೂರು, ಅಂದರೆ ನವ ಮಂಗಳೂರು ಬಂದರು, ತಾನಾಗಿ ಹುಟ್ಟಿದ್ದಲ್ಲ. ಹಳೇ ಬಂದರು ಹೊಳೆಯ ಬಾಯಿಯಲ್ಲಿ ತಾನಾಗಿ ಬೆಳೆದದ್ದು. ಇಂದಿಗೂ ಅಲ್ಲಿನ ದಕ್ಕೆಯಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೇರಿಕೊಂಡು ಮಂಜಿಗಳು, ಅಂದರೆ ಸಣ್ಣ ಸರಕು ಹಡಗುಗಳು, ಹೋಗುತ್ತವೆ. ಪಣಂಬೂರಿನಲ್ಲಿ ಮಾತ್ರ ನೆಲ ಅಗೆದು ಸಮುದ್ರವನ್ನು ಒಳಗೆ ಕರೆದುಕೊಳ್ಳಲಾಯಿತು. 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂಬ ಘೋಷಣೆಯಾಯಿತು, ಮರುವರ್ಷ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಅಗೆದ ಜಾಗದಲ್ಲಿ ಮನೆ ಇದ್ದವರು ಕಾಟಿಪಳ್ಳ, ಕೃಷ್ಣಾಪುರದ ಕಡೆ ಹೋದರು. ಅವರ ಮೊಮ್ಮಕ್ಕಳಲ್ಲಿ ಕೆಲವರು ಈಗ ಅದೇ ಬಂದರಿನ ಗೇಟಿನಲ್ಲಿ ಲಾರಿ ಸಾಲಿನಲ್ಲಿ ನಿಲ್ಲುತ್ತಾರೆ. ಆಮೇಲೆ ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಬಂದು ಹಡಗು ಹತ್ತಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನೇ ನಿಷೇಧಿಸಿತು. ಆಗ ಬಂದರನ್ನು ಹೊತ್ತು ನಿಲ್ಲಿಸಿದ್ದು ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು. ವರ್ಷಕ್ಕೆ ನಾಲ್ಕೂವರೆ ಕೋಟಿ ಟನ್ ಎಂದು ನೀವು ಹೆಮ್ಮೆಯಿಂದ ಹೇಳುವುದರಲ್ಲಿ ಹೆಚ್ಚಿನ ಪಾಲು ಕೊಳವೆಯಲ್ಲಿ, ಬೆಲ್ಟಿನಲ್ಲಿ ಸಾಗುವ ಸರಕು. ಕಂಟೇನರ್ ಇಲ್ಲಿ ತಡವಾಗಿ ಹುಟ್ಟಿದ ಮಗು, ವರ್ಷಕ್ಕೆ ಎರಡು ಲಕ್ಷ ಟಿಇಯುವಿನ ಆಸುಪಾಸಿನಲ್ಲಿ ತೆವಳುತ್ತಿದೆ. ಇಪ್ಪತ್ತಡಿ ಉದ್ದದ ಒಂದು ಪೆಟ್ಟಿಗೆ ಒಂದು ಟಿಇಯು, ನಲವತ್ತಡಿಯದಾದರೆ ಎರಡು. ಕಾಫಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಟಿಇಯು ಎಂದರೆ ಅರವತ್ತು ಕಿಲೋದ 320 ಚೀಲ, 19.2 ಟನ್.

ಮುಂಬೈ ಪಕ್ಕದ ನ್ಹಾವಾ ಶೇವಾ 2024-25ರಲ್ಲಿ 73 ಲಕ್ಷ ಟಿಇಯು ದಾಟಿತು. 2024ರಲ್ಲಿ ಕೊಲಂಬೊ 78 ಲಕ್ಷದ ಹತ್ತಿರ ಬಂತು, ಶಾಂಘೈ ಐದು ಕೋಟಿ ಮೀರಿತು. ಈ ಅಂಕಿಗಳನ್ನು ವೇದಿಕೆಯ ಮೇಲೆ ಓದಿ, ‘ನಮ್ಮಲ್ಲಿಗೂ ಮದರ್ ಶಿಪ್ ಬರಬೇಕು’ ಎಂದು ಚಪ್ಪಾಳೆ ಗಿಟ್ಟಿಸುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಈಗ ಕೇರಳದ ವಿಳಿಂಜಂನಲ್ಲಿ ಅಂಥ ದೈತ್ಯ ಹಡಗು ನಿಲ್ಲುವ ಬಂದರು ಆದ ಮೇಲಂತೂ ಕೇಳುವುದೇ ಬೇಡ.

ಸಣ್ಣದೊಂದು ಲೆಕ್ಕ ಮಾಡಿ ನೋಡೋಣ. 2025ರ ಜೂನ್ 9ರ ಬೆಳಿಗ್ಗೆ ವಿಳಿಂಜಂಗೆ ಬಂದ ಎಂಎಸ್‌ಸಿ ಇರಿನಾ ಹಡಗಿನ ಸಾಮರ್ಥ್ಯ 24,346 ಟಿಇಯು. ನಮ್ಮಲ್ಲಿ ಇಡೀ ವರ್ಷ ಇಳಿದದ್ದು, ಹತ್ತಿದ್ದು, ತುಂಬಿದ್ದು, ಖಾಲಿಯದ್ದು ಎಲ್ಲ ಗುಡ್ಡೆ ಹಾಕಿದರೆ ಆ ಹಡಗು ಎಂಟು ಸಲ ತುಂಬಬಹುದು. ಅಷ್ಟು ದೊಡ್ಡ ಹಡಗು ಒಂದು ದಿನ ಸುಮ್ಮನೆ ನಿಂತರೂ ಮಾಲೀಕನ ಜೇಬಿಗೆ ಭಾರೀ ತೂತು. ಒಂದು ಸಲ ನಿಂತರೆ ಸಾವಿರಗಟ್ಟಲೆ ಪೆಟ್ಟಿಗೆ ಏರಿಳಿಯಬೇಕು. ಅದಿಲ್ಲದಿದ್ದರೆ ಅದು ದಿಕ್ಕು ತಿರುಗಿಸಿಯೂ ನೋಡುವುದಿಲ್ಲ. ವಿಳಿಂಜಂ ಅಂತರರಾಷ್ಟ್ರೀಯ ಹಡಗು ಹಾದಿಯ ಮಗ್ಗುಲಲ್ಲೇ ಇದೆ, ಅಲ್ಲಿ ಆಳ ದೇವರು ಕೊಟ್ಟದ್ದು. ನಮ್ಮಲ್ಲಿ ಪ್ರತಿ ಮಳೆಗಾಲ ಹೂಳು ತಂದು ಸುರಿಯುತ್ತದೆ, ಪ್ರತಿ ವರ್ಷ ಡ್ರೆಜರ್ ತಂದು ಎತ್ತಬೇಕು. ಇಷ್ಟೆಲ್ಲ ಗೊತ್ತಿದ್ದೂ ಮದರ್ ಶಿಪ್ಪಿನ ಮಾತಾಡುವುದು, ಬಸ್ ಸ್ಟ್ಯಾಂಡಿನಲ್ಲಿ ವಿಮಾನ ಇಳಿಸುತ್ತೇನೆ ಎಂದ ಹಾಗೆ.

ಅದೇ ಜೂನ್ 9ರಂದು ಇನ್ನೊಂದು ಹಡಗಿನ ಸುದ್ದಿಯೂ ಬಂತು. ಕೊಲಂಬೊದಿಂದ ನ್ಹಾವಾ ಶೇವಾಕ್ಕೆ ಹೊರಟಿದ್ದ ವಾನ್ ಹೈ 503 ಕೇರಳ ಕರಾವಳಿಯಾಚೆ ಸ್ಫೋಟಗೊಂಡು ಹೊತ್ತಿ ಉರಿಯಿತು. ಇಪ್ಪತ್ತೆರಡು ಮಂದಿಯಲ್ಲಿ ಹದಿನೆಂಟು ಮಂದಿಯನ್ನು ಐಎನ್‌ಎಸ್ ಸೂರತ್ ಆ ರಾತ್ರಿ ತಂದು ಇಳಿಸಿದ್ದು ನಮ್ಮ ಪಣಂಬೂರಿಗೇ. ನಾಲ್ವರು ಸಿಗಲಿಲ್ಲ. ಅದಕ್ಕೆ ಎರಡು ವಾರ ಮೊದಲಷ್ಟೇ, ವಿಳಿಂಜಂನಿಂದ ಕೊಚ್ಚಿಗೆ ಹೊರಟ ಇಪ್ಪತ್ತೆಂಟು ವರ್ಷ ಹಳೆಯ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಚಿಲ್ಲರೆ ಕಂಟೇನರುಗಳೊಡನೆ ಮುಳುಗಿತು. ಕೇರಳದ ದಂಡೆಯುದ್ದಕ್ಕೂ ಪ್ಲಾಸ್ಟಿಕ್ ಕಾಳು ಬಂದು ಬಿತ್ತು. 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಕೇರಳ ಸರ್ಕಾರ ಹೈಕೋರ್ಟಿಗೆ ಹೋಯಿತು. ದೊಡ್ಡ ಹಡಗು ಬಂದಾಗ ಫೋಟೋ ತೆಗೆಯುತ್ತಾರೆ. ಆದರೆ ಅದಕ್ಕೆ ಸರಕು ಕೂಡಿಸಿ ಕೊಡಲು ದಂಡೆಗುಂಟ ಓಡಾಡುವ ಸಣ್ಣ, ಮುದಿ ಹಡಗುಗಳ ಗೊಡವೆ ಯಾರಿಗೂ ಇರುವುದಿಲ್ಲ. ನಮ್ಮ ಕಾಫಿ, ನಮ್ಮ ಗೇರು ಹತ್ತುವುದು ಇಂಥ ಫೀಡರ್ ಹಡಗುಗಳನ್ನೇ. ಅವುಗಳ ವಯಸ್ಸೆಷ್ಟು, ಅವು ಹೊತ್ತ ಪೆಟ್ಟಿಗೆಗಳಲ್ಲಿ ನಿಜಕ್ಕೂ ಏನಿದೆ ಎಂದು ಕೇಳುವ ಹಕ್ಕು ಬಂದರಿಗೂ ಇದೆ, ಉಳ್ಳಾಲದಿಂದ ಕಾರವಾರದವರೆಗೆ ಬಲೆ ಬೀಸುವವರಿಗೂ ಇದೆ.

ಫೀಡರ್ ಬಂದರಾಗಿರುವುದರಲ್ಲಿ ನನಗೇನೂ ಅವಮಾನ ಕಾಣುವುದಿಲ್ಲ. ಕೊಲಂಬೊದಲ್ಲಿ ಹಡಗು ಬದಲಿಸಿ ನಮ್ಮ ಕಾಫಿ ಇಟಲಿಗೂ ಜರ್ಮನಿಗೂ ಬೆಲ್ಜಿಯಮ್ಮಿಗೂ ಇಷ್ಟು ವರ್ಷ ಹೋಗಿಲ್ಲವೇ? ರಫ್ತುದಾರ ಕೇಳುವುದು ದೊಡ್ಡ ಹಡಗನ್ನಲ್ಲ, ಹೇಳಿದ ವಾರಕ್ಕೆ ಬರುವ ಹಡಗನ್ನು. ಬಂದರುಗಳನ್ನು ಅಧ್ಯಯನ ಮಾಡುವವರೂ ಈಗ ಇದೇ ದಾರಿಗೆ ಬಂದಿದ್ದಾರೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್ ಒಂದು ಬಂದರಿಗೆ ವಾರಕ್ಕೆ ಎಷ್ಟು ಹಡಗು, ಎಷ್ಟು ಕಂಪನಿ, ನೇರ ಸಂಪರ್ಕ ಎಷ್ಟು ಎಂದು ನೋಡಿ ಸೂಚ್ಯಂಕ ಕಟ್ಟುತ್ತದೆ. ವಿಶ್ವಬ್ಯಾಂಕ್ 2021ರಿಂದ ಹಡಗುಗಳ ಉಪಗ್ರಹ ಜಾಡು ಹಿಡಿದು, ಬಂದರಿಗೆ ಬಂದ ಹಡಗು ಎಷ್ಟು ಹೊತ್ತಿಗೆ ಬಿಡುಗಡೆಯಾಗುತ್ತದೆ ಎಂದು ಎಣಿಸಿ ಪಟ್ಟಿ ಮಾಡುತ್ತಿದೆ. ಈ ಎರಡನೆಯದರ ಮೇಲೆ ನನ್ನದೊಂದು ತಕರಾರಿದೆ: ಅದು ಹಡಗಿನ ಸಮಯ ಎಣಿಸುತ್ತದೆ, ಲಾರಿಯ ಸಮಯ ಎಣಿಸುವುದಿಲ್ಲ. ಕ್ರೇನು ಚುರುಕಾಗಿ ಹಡಗು ಬೇಗ ಹೋದರೆ ಅಂಕ ಸಿಗುತ್ತದೆ. ಗೇಟಿನ ಹೊರಗೆ ಡ್ರೈವರು ಎರಡು ರಾತ್ರಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಅದಕ್ಕೇ ನನಗೆ ಹೆಚ್ಚು ಹಿಡಿಸಿದ್ದು 2005ರಲ್ಲಿ ನೊಟ್ಟೆಬೂಮ್ ಮತ್ತು ರೊಡ್ರಿಗ್ ಎಂಬ ಇಬ್ಬರು ವಿದ್ವಾಂಸರು ಮುಂದಿಟ್ಟ ಮಾತು. ಬಂದರಿನ ಬೆಳವಣಿಗೆ ಇನ್ನು ದಕ್ಕೆಯಲ್ಲಲ್ಲ, ಒಳನಾಡಿನಲ್ಲಿ ಎಂಬುದು ಅವರ ವಾದದ ಸಾರ. ಬಂದರಿನ ಬೇಲಿ ಮುಗಿಯುವಲ್ಲಿ ಬಂದರು ಮುಗಿಯುವುದಿಲ್ಲ. ಹಿಂದಿರುವ ರಸ್ತೆ, ರೈಲು, ಒಣ ಬಂದರು (ಒಳನಾಡಿನಲ್ಲೇ ಕಂಟೇನರ್ ತುಂಬಿ, ಸುಂಕದ ಕೆಲಸ ಮುಗಿಸಿ ಕಳಿಸುವ ಜಾಗ), ಗೋದಾಮು ಎಲ್ಲ ಸೇರಿಯೇ ಬಂದರು. ಇಪ್ಪತ್ತು ವರ್ಷ ಹಳೆಯ ಮಾತಾದರೂ ಶಿರಾಡಿಯಲ್ಲಿ ಸಿಕ್ಕಿಕೊಂಡ ಲಾರಿಯ ಹಿಂದೆ ನಿಂತು ನೋಡಿದರೆ ಹೊಸದಾಗಿಯೇ ಕಾಣುತ್ತದೆ.

ಬೆಂಗಳೂರಿಗೆ ಚೆನ್ನೈಯೂ ಸುಮಾರು 350 ಕಿಲೋಮೀಟರ್, ಮಂಗಳೂರೂ ಸುಮಾರು ಅಷ್ಟೇ. ಹಾಗಿದ್ದೂ ವೈಟ್‌ಫೀಲ್ಡಿನ ಒಣ ಬಂದರಿನಿಂದ ಕಂಟೇನರ್ ರೈಲು ಮುಖ ಮಾಡುವುದು ಚೆನ್ನೈಗೆ. ಕಾರಣ ಕೇಳಲು ದೊಡ್ಡ ಸಂಶೋಧನೆ ಬೇಡ, ಆ ಕಡೆ ಘಟ್ಟವಿಲ್ಲ. ನಮ್ಮ ಕಡೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್ ಹಳಿ, 57 ಸುರಂಗ, ಐವತ್ತು ಅಡಿ ಸಾಗಿದರೆ ಒಂದಡಿ ಏರು. ಆ ಏರಿನಲ್ಲಿ ಉದ್ದದ ಗೂಡ್ಸ್ ಗಾಡಿ ಹತ್ತಿಸಲು ಹೆಚ್ಚಿನ ಎಂಜಿನ್ ಬೇಕು, ಹೊತ್ತು ಬೇಕು. ಅದರ ಮೇಲೆ ಮಳೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಈ ಹಳಿ ವಾರಗಟ್ಟಲೆ ಮುಚ್ಚಿತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಜಾರಿತು. ರಸ್ತೆಯ ಕತೆಯೂ ಅದೇ. ಶಿರಾಡಿ ಮುಚ್ಚಿದರೆ ಚಾರ್ಮಾಡಿ ಎನ್ನುತ್ತಾರೆ, ಆದರೆ ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ನಲವತ್ತಡಿ ಪೆಟ್ಟಿಗೆಯ ಟ್ರೈಲರ್ ತಿರುಗಿಸಿ ತೋರಿಸಲಿ ನೋಡೋಣ. ಸಂಪಾಜೆ ಮಾತು ಕೊಡಗಿನವರನ್ನೇ ಕೇಳಬೇಕು. ಹೀಗಿರುವಾಗ ಬಾಬಾಬುಡನ್‌ಗಿರಿಯ ಬುಡದಲ್ಲಿ ಬೆಳೆದ ಕಾಫಿ, ನೂರೈವತ್ತು ಕಿಲೋಮೀಟರ್ ಆಚೆಯ ಸಮುದ್ರಕ್ಕೆ ಬೆನ್ನು ಹಾಕಿ ಬೇರೆ ಬಂದರು ಹುಡುಕಿದರೆ ಅದರ ತಪ್ಪಲ್ಲ.

ಖಾಲಿ ಪೆಟ್ಟಿಗೆಯ ವಿಚಾರ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಆಫ್ರಿಕದಿಂದ ಹಸಿ ಗೇರುಬೀಜ ತುಂಬಿ ಬಂದ ಕಂಟೇನರ್ ಇಲ್ಲಿ ಖಾಲಿಯಾಗುತ್ತದೆ. ಅದನ್ನೇ ತೊಳೆದು ಕಾಫಿ ತುಂಬಿದರಾಯಿತಲ್ಲ ಎನ್ನುತ್ತೀರಿ. ಆಗುವುದಿಲ್ಲ ಮಾರಾಯ್ರೇ. ಕಾಫಿ ವಾಸನೆ ಹೀರುವ ಬೀಜ. ಅದಕ್ಕೆ ಒಣಗಿದ, ವಾಸನೆಯಿಲ್ಲದ, ತಳದ ಹಲಗೆ ಸರಿಯಿರುವ ಪೆಟ್ಟಿಗೆಯೇ ಬೇಕು. ಸ್ಟಫಿಂಗಿಗೆ ಮೊದಲು ಒಳಗೆ ಹೋಗಿ, ಬಾಗಿಲು ಹಾಕಿಸಿ, ಸೂರಿನಲ್ಲಿ ಎಲ್ಲಾದರೂ ಬೆಳಕಿನ ತೂತು ಕಾಣುತ್ತದೋ ಎಂದು ನೋಡುವ ಕೆಲಸವನ್ನು ನಾನೇ ನೂರಾರು ಸಲ ಮಾಡಿದ್ದೇನೆ. ಅಂಥ ಪೆಟ್ಟಿಗೆ ಊರಿನಲ್ಲಿ ಇಲ್ಲದಾಗ ಬೇರೆ ಬಂದರಿನಿಂದ ಖಾಲಿ ತರಿಸಬೇಕು, ಅದರ ಖರ್ಚು ಕೊನೆಗೆ ಬೆಳೆಗಾರನ ತಲೆಗೆ. ಯಾವ ತಿಂಗಳು ಎಷ್ಟು ಖಾಲಿ ಪೆಟ್ಟಿಗೆ ಎಲ್ಲಿ ಬೇಕಾಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಈ ಖರ್ಚಿನಲ್ಲಿ ಅರ್ಧವಾದರೂ ಉಳಿದೀತು. ತಿಳಿಯಬೇಕಾದರೆ ಆ ಜಿಲ್ಲೆಯ ಖಾನೆ ಬೇಕು.

2021ರ ಕತೆಯೊಂದನ್ನು ಹೇಳಬೇಕು. ಜಗತ್ತಿನಾದ್ಯಂತ ಕಂಟೇನರಿಗೆ ಹಾಹಾಕಾರವಿದ್ದ ವರ್ಷ. ಮಾರ್ಚಿನಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಯಲ್ಲಿ ಆರು ದಿನ ಅಡ್ಡ ಮಲಗಿತ್ತು. ಮಲೆನಾಡಿನ ಸಣ್ಣ ಬೆಳೆಗಾರರೊಬ್ಬರು ಮೊದಲ ಸಲ ನೇರವಾಗಿ ಹೊರದೇಶಕ್ಕೆ ಕಾಫಿ ಕಳಿಸುತ್ತೇನೆಂದು ನಮ್ಮಲ್ಲಿಗೆ ಬಂದರು. ಒಂದೇ ಕಂಟೇನರ್. ಬುಕಿಂಗ್ ಆಯಿತು, ತುಂಬಿಸಿ ಯಾರ್ಡಿಗೆ ಬಿಟ್ಟೆವು. ಹಡಗಿನ ಕಂಪನಿಯವರು ಜಾಗವಿಲ್ಲವೆಂದು ಮುಂದಿನ ಹಡಗಿಗೆ ತಳ್ಳಿದರು, ಅಲ್ಲಿಂದ ಅದರ ಮುಂದಿನದಕ್ಕೆ, ಆಮೇಲೆ ಮತ್ತೂ ಮುಂದಕ್ಕೆ. ನಾಲ್ಕನೆಯ ಹಡಗಿಗೆ ಪೆಟ್ಟಿಗೆ ಹತ್ತಿತು. ಆಮೇಲೆ ಬಂದ ಬಿಲ್ಲಿನಲ್ಲಿ, ಅವರೇ ಬಿಟ್ಟುಹೋದ ದಿನಗಳಿಗೂ ಡಿಟೆನ್ಷನ್, ಅಂದರೆ ಪೆಟ್ಟಿಗೆ ಹೆಚ್ಚು ದಿನ ಉಳಿಸಿಕೊಂಡದ್ದಕ್ಕೆ ದಂಡ, ಅದೂ ಡಾಲರ್ ಲೆಕ್ಕದಲ್ಲಿ. ಕಂಪನಿಯ ಹೆಸರು ಹೇಳುವುದಿಲ್ಲ, ಆ ವರ್ಷ ಯಾರ ಹೆಸರು ಹೇಳಿದರೂ ಒಂದೇ. ಆ ಬೆಳೆಗಾರರು ಬಿಲ್ಲನ್ನು ಮೂರು ಸಲ ಓದಿ, ‘ಇದನ್ನು ಯಾರ ಹತ್ತಿರ ಕೇಳಬೇಕು?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮತ್ತೆ ನೇರ ರಫ್ತಿಗೆ ಕೈ ಹಾಕಲಿಲ್ಲ.

ಅದೇ ಪ್ರಶ್ನೆಗೆ ಬೇರೆಯವರು ಉತ್ತರ ಹುಡುಕಿದ್ದಾರೆ. ಅಮೆರಿಕ 2022ರಲ್ಲಿ ಕಾನೂನು ತಿದ್ದಿತು. 2024ರ ಮೇ 28ರಿಂದ ಅಲ್ಲಿ ಇಂಥ ಬಿಲ್ಲನ್ನು ಮೂವತ್ತು ದಿನದೊಳಗೆ, ಯಾವ ದಿನಕ್ಕೆ ಯಾಕೆ ಎಂಬ ವಿವರದೊಂದಿಗೆ ಕೊಡಬೇಕು. ಹಡಗು ಕಂಪನಿಗಳು ಒಟ್ಟುಗೂಡಿ ಜಾಗ ಹಂಚಿಕೊಳ್ಳಲು ಸ್ಪರ್ಧಾ ಕಾನೂನಿನಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು ಯುರೋಪ್ 2024ರ ಏಪ್ರಿಲಿನಲ್ಲಿ ಮುಂದುವರಿಸದೆ ಬಿಟ್ಟಿತು. 2025ರ ಫೆಬ್ರವರಿಯಿಂದ ಕೂಟಗಳ ಹೆಸರು ಬದಲಾಗಿವೆ, ಮರ್ಸ್ಕ್ ಮತ್ತು ಹಪಾಗ್-ಲಾಯ್ಡ್ ಜೆಮಿನಿ ಎಂದು ಜೊತೆಯಾಗಿವೆ, ಎಂಎಸ್‌ಸಿ ಒಂಟಿಯಾಗಿ ನಡೆಯುವಷ್ಟು ದೊಡ್ಡದಾಗಿದೆ. ಜಗತ್ತಿನ ಕಂಟೇನರುಗಳ ಬಹುಪಾಲು ಹತ್ತಿಪ್ಪತ್ತು ಜನರ ಕೈಯಲ್ಲಿದೆ ಎಂದರೆ ತಪ್ಪಲ್ಲ. ಅವರೆದುರು ಒಬ್ಬ ಬೆಳೆಗಾರ ಯಾವ ಲೆಕ್ಕ? ಅವನ ಪರವಾಗಿ ಮಾತಾಡುವ ಬಲ ಇರುವುದು ಬಂದರಿಗೆ.

ಆ ಬಲ ಈಗ ನಿಮಗೆ ಹಿಂದಿಗಿಂತ ಹೆಚ್ಚಿದೆ. 2021ರ ಪ್ರಮುಖ ಬಂದರು ಪ್ರಾಧಿಕಾರ ಕಾಯ್ದೆ ಬಂದ ಮೇಲೆ ದರ ನಿಗದಿಗೆ ಮುಂಬೈಯ ದರ ಪ್ರಾಧಿಕಾರದ ಬಾಗಿಲು ಕಾಯಬೇಕಾಗಿಲ್ಲ, ಮಂಡಳಿಯೇ ತೀರ್ಮಾನಿಸಬಹುದು. ನೆಲ, ನೀರು ಪ್ರಾಧಿಕಾರದ್ದು, ಟರ್ಮಿನಲ್ ನಡೆಸುವುದು ಖಾಸಗಿಯವರು ಎಂಬ ಪದ್ಧತಿಗೆ ನೀವು ಬಂದಿದ್ದೀರಿ. ಕಂಟೇನರ್ ಹಡಗು ನಿಲ್ಲುವ 14ನೇ ಬರ್ತಿನ ಯಂತ್ರೀಕರಣವನ್ನು ಪ್ರಧಾನಿ 2022ರ ಸೆಪ್ಟೆಂಬರ್ 2ರಂದು ಉದ್ಘಾಟಿಸಿದರು. ಖಾಸಗಿಯವರು ಬಂದದ್ದಕ್ಕೆ ನನ್ನ ಆಕ್ಷೇಪವಿಲ್ಲ, ಹಳೆಯ ಕಾಲದಲ್ಲಿ ಹಡಗಿನ ಸ್ವಂತ ಕ್ರೇನಿಗೆ ಕಾಯುತ್ತಾ ಕಳೆದ ರಾತ್ರಿಗಳು ನನಗೆ ನೆನಪಿವೆ. ಆದರೆ ಒಪ್ಪಂದದ ಟರ್ಮಿನಲ್ಲಿನವರು ಮಾರುಕಟ್ಟೆ ನೋಡಿ ದರ ಹಾಕಬಹುದು ಎಂದು ಕಾಯ್ದೆ ಹೇಳುತ್ತದೆ. ನ್ಹಾವಾ ಶೇವಾದಲ್ಲಿ ನಾಲ್ಕಾರು ಟರ್ಮಿನಲ್ ಇವೆ, ಅಲ್ಲಿ ಮಾರುಕಟ್ಟೆ ಎಂಬ ಮಾತಿಗೆ ಅರ್ಥವಿದೆ. ಒಂದೇ ಅಂಗಡಿ ಇರುವ ಊರಿನಲ್ಲಿ ಮಾರುಕಟ್ಟೆ ದರ ಎಂದರೆ ಅಂಗಡಿಯವನು ಹೇಳಿದ ದರ. ಅಲ್ಲಿ ಮಂಡಳಿ ಕಣ್ಣಿಡಬೇಕು. ಆ ಮಂಡಳಿಯಲ್ಲಿ ರೈಲ್ವೆಗೊಂದು ಕುರ್ಚಿ, ಸುಂಕದವರಿಗೊಂದು, ರಾಜ್ಯ ಸರ್ಕಾರಕ್ಕೊಂದು, ನೌಕರರಿಗೆ ಎರಡು ಇವೆ, ಸ್ವತಂತ್ರ ಸದಸ್ಯರೂ ಇದ್ದಾರೆ. ನಮ್ಮ ರಾಜ್ಯದ ಪ್ರತಿನಿಧಿ ಆ ಕುರ್ಚಿಯಲ್ಲಿ ಕೂತು ಘಟ್ಟದ ರೈಲಿನ ಬಗ್ಗೆ ಪಕ್ಕದ ಕುರ್ಚಿಯ ರೈಲ್ವೆಯವರನ್ನು ಎಷ್ಟು ಸಲ ಕೇಳಿದ್ದಾರೆ? ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಪ್ರಕಟಿಸಿದರೆ ಊರಿಗೇ ಗೊತ್ತಾಗುತ್ತದೆ.

ಇನ್ನು ರಾಜ್ಯದ ಸಣ್ಣ ಬಂದರುಗಳನ್ನು ನೋಡಿಕೊಳ್ಳುವ ಜಲಸಾರಿಗೆ ಮಂಡಳಿಯವರಿಗೆ. ಅಂಕೋಲದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದದ್ದನ್ನು ನೀವು ನೋಡಿದ್ದೀರಿ. ‘ಅಭಿವೃದ್ಧಿ ವಿರೋಧಿಗಳು’ ಎಂದು ಬೈಯುವುದು ಸುಲಭ. ನಾನು ಹಡಗನ್ನೇ ನಂಬಿ ಬದುಕಿದವನು, ಬಂದರು ಬೇಡ ಎನ್ನುವ ಜಾತಿಯಲ್ಲ. ಆದರೂ ಅವರು ಕೇಳುವ ಮೊದಲ ಪ್ರಶ್ನೆ ನನ್ನದೂ ಹೌದು: ಇಲ್ಲಿಗೆ ಸರಕು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ? ಹುಬ್ಬಳ್ಳಿ–ಅಂಕೋಲಾ ರೈಲಿಗೆ ಮಂಜೂರಾತಿ ಸಿಕ್ಕಿ ಕಾಲು ಶತಮಾನ ಕಳೆಯಿತು, ಅದಿನ್ನೂ ಘಟ್ಟ ಇಳಿದಿಲ್ಲ. ಉತ್ತರ ಕನ್ನಡದ ಕಾಡಿನಲ್ಲಿ ಅದು ಇಳಿಯಬೇಕೇ ಎಂಬುದೇ ದೊಡ್ಡ ಜಗಳ. ದಾರಿಯ ಉತ್ತರವಿಲ್ಲದೆ ದಕ್ಕೆ ಕಟ್ಟಿದರೆ ಅಲ್ಲಿಗೆ ಬರುವುದು ಮತ್ತೆ ಅದಿರಿನ ಲಾರಿಗಳೇ. ಅಂಕೋಲದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರಿನ ರಾಶಿ ಮಾಯವಾಗಿ ಹಡಗು ಹತ್ತಿದ್ದು ಯಾರಿಗೂ ಮರೆತಿಲ್ಲ. ಅಲ್ಲಿಯೂ ಕೊರತೆಯಾದದ್ದು ಬರ್ತಿನ ಆಳ ಅಲ್ಲ, ಲೆಕ್ಕದ ಪುಸ್ತಕ.

ಹಾಗಾಗಿ ನಾನು ಕೇಳುವುದು ಇಷ್ಟೇ. ಕರ್ನಾಟಕದಲ್ಲಿ ಹುಟ್ಟಿದ ಸರಕು ಜಿಲ್ಲಾವಾರು ಎಷ್ಟು ಕಂಟೇನರ್, ಯಾವ ಬಂದರಿನಿಂದ ಹೊರಬಿತ್ತು, ಪಣಂಬೂರು, ಚೆನ್ನೈ, ನ್ಹಾವಾ ಶೇವಾ, ಕೊಚ್ಚಿ, ಯಾವುದರಿಂದ ಎಷ್ಟು ಎಂದು ಪ್ರತಿ ತಿಂಗಳು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ನಿಮ್ಮ ಜಾಲತಾಣದಲ್ಲಿ ಹಾಕಿ. ರಫ್ತುದಾರನ ಹೆಸರು, ಬೆಲೆ ಯಾವುದೂ ಬೇಡ. ಖಾಲಿ ಬಂದದ್ದೆಷ್ಟು, ಖಾಲಿ ಹೋದದ್ದೆಷ್ಟು, ಲಾರಿ ಗೇಟಿನಲ್ಲಿ ನಿಂತ ಹೊತ್ತೆಷ್ಟು ಎಂಬುದೂ ಅದರಲ್ಲಿರಲಿ. ಸಾಮಗ್ರಿಯೆಲ್ಲ ಆಗಲೇ ಕೂಡಿಬಿದ್ದಿದೆ. ಕಂಟೇನರಿಗೆ ಅಂಟಿಸುವ ಆರ್‌ಎಫ್‌ಐಡಿ ಚೀಟಿ ಗೇಟು ದಾಟಿದಾಗಲೆಲ್ಲ ಹೊತ್ತು ಬರೆದುಕೊಳ್ಳುತ್ತದೆ, ಸುಂಕದವರ ಬಿಲ್ಲಿನಲ್ಲಿ ಜಿಲ್ಲೆ ಇದೆ. 1908ರ ಕಾನೂನನ್ನು ತೆಗೆದುಹಾಕಿ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿದ ಭಾರತೀಯ ಬಂದರುಗಳ ಕಾಯ್ದೆಯೂ ಬಂದರುಗಳ ಅಂಕಿ ಅಂಶ, ದರಗಳ ಪಾರದರ್ಶಕತೆಯ ಮಾತಾಡುತ್ತದೆ. ಎಲ್ಲರಿಗಿಂತ ಮೊದಲು ನಾವೇ ಮಾಡಿ ತೋರಿಸಬಹುದಲ್ಲ. ಲೆಕ್ಕ ಜೋಡಿಸಲು ಜನ ಬೇಕೆಂದರೆ ಬಂದರಿನ ಉತ್ತರಕ್ಕೆ ಕೂಗಳತೆಯಲ್ಲೇ ಸುರತ್ಕಲ್ಲಿನ ಎನ್‌ಐಟಿಕೆ ಇದೆ. ಅಲ್ಲಿನ ಹುಡುಗರು ದೂರದ ಬಂದರುಗಳ ಅಂಕಿ ಹಿಡಿದು ಪ್ರಾಜೆಕ್ಟ್ ಮಾಡುವ ಬದಲು ಹಾಸ್ಟೆಲಿನ ಕಿಟಕಿಯಿಂದ ಕಾಣುವ ಹಡಗುಗಳ ಮೇಲೆ ಮಾಡಲಿ. ಆ ಹಾಳೆ ಒಂದು ವರ್ಷ ಬಂದ ಮೇಲೆ ಹೊಸ ಬಂದರು ಬೇಕೋ, ಸಕಲೇಶಪುರದಲ್ಲೊಂದು ಒಣ ಬಂದರು ಸಾಕೋ, ಘಟ್ಟಕ್ಕೆ ಸುರಂಗ ಬೇಕೋ ಎಂದು ಜಗಳವಾಡೋಣ.

ಇನ್ನೊಂದು ಮಾತು ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಆ ಜಿಲ್ಲೆಯ ಖಾನೆಯನ್ನು ಪೂರ್ತಿ ನಂಬಬೇಡಿ. ಹಾಸನದಲ್ಲಿ ಬೆಳೆದು, ಬೇರೆ ಜಿಲ್ಲೆಯ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಂಸ್ಕರಣೆಯಾಗಿ, ಬೆಂಗಳೂರಿನ ವ್ಯಾಪಾರಿಯ ಹೆಸರಿನಲ್ಲಿ ಹೋಗುವ ಕಾಫಿಗೆ ಯಾವ ಜಿಲ್ಲೆ ಬರೆಯಬೇಕೆಂದು ನಮಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಹಡಗಿಗೆ ಸರಕು ಒಪ್ಪಿಸುವ ಕಟ್‌ಆಫ್‌ಗೆ ಇನ್ನು ಅರ್ಧ ಗಂಟೆ ಇದೆ ಎನ್ನುವ ಸಂಜೆ, ಹಿಂದಿನ ಬಿಲ್ಲನ್ನೇ ತೆರೆದು ತೂಕ, ಸಂಖ್ಯೆ ತಿದ್ದಿ, ಜಿಲ್ಲೆಯನ್ನು ಇದ್ದ ಹಾಗೇ ಬಿಟ್ಟು ಕಳಿಸಿದ ದಿನಗಳು ನನಗೂ ಎಷ್ಟೋ ಇವೆ. ಲೆಕ್ಕ ಹೊರಗೆ ಬಿದ್ದರೆ ಚಿಕ್ಕಮಗಳೂರಿನಲ್ಲಿ ಗ್ರಾನೈಟು, ದಕ್ಷಿಣ ಕನ್ನಡದಲ್ಲಿ ರಾಶಿ ರಾಶಿ ಅರೇಬಿಕಾ ಬೆಳೆದಂತೆ ಕಂಡೀತು. ಆಗ ಯಾರಾದರೂ ನಕ್ಕು, ತಪ್ಪು ಯಾರದ್ದೆಂದು ಹುಡುಕಿಕೊಂಡು ಬಂದರೆ ನನ್ನ ಬಿಲ್ಲುಗಳನ್ನು ನಾನೇ ಗುರುತಿಸಿ ಕೊಡುತ್ತೇನೆ.

ಇಂತಿ,
ಹಳೇ ಬಂದರಿನ ಒಬ್ಬ ನಿವೃತ್ತ ಗುಮಾಸ್ತ, ಮಂಗಳೂರು